ಎಡಬೆನ್ನಿನ ತಾಲೀಮು

ಡಾಕ್ಟರು ಎಡಗೈ ಮುಷ್ಟಿ ಹಿಡಿದು ಅದರ ಸುತ್ತ ಒಂದು ಬಟ್ಟೆ ಸುತ್ತಿದರು. ಮುಷ್ಟಿ ನನ್ನ ಸೋದರಮಾವನ ಹೃದಯ, ಬಟ್ಟೆ ಅವನದೇ ಬೆನ್ನಿನ ಮಾಂಸ. ಬಟ್ಟೆಯ ತುದಿ ಹಿಡಿದು ಮೆಲ್ಲಗೆ ಬಿಗಿದರು, ಬಿಟ್ಟರು, ಮತ್ತೆ ಬಿಗಿದರು. ಇಷ್ಟು ನಡೆದದ್ದು ನಿಜ. ಆದರೆ ಆ ಬಟ್ಟೆ ಯಾವುದು ಎಂದು ಕೇಳಿದರೆ ನನ್ನ ನೆನಪನ್ನು ನಂಬಬೇಡಿ. ನನಗೆ ಈಗಲೂ ಕಾಣುವುದು ನೀಲಿ ಅಂಚಿನ ಕರ್ಚೀಫು. ಅತ್ತೆ ಕೇಳಿದರೆ ಮೇಜಿನ ಮೇಲಿದ್ದ ಆಸ್ಪತ್ರೆಯ ಹಸಿರು ಬಟ್ಟೆ ಎನ್ನುತ್ತಾಳೆ. ಮಾವನಂತೂ ಡಾಕ್ಟರು ತನ್ನ ಹೆಗಲ ಮೇಲಿದ್ದ ಟವೆಲನ್ನೇ ಕೇಳಿ ಇಸಿದುಕೊಂಡರೆಂದು ಊರಿಗೆಲ್ಲ ಹೇಳಿದ. ಮೂವರೂ ಒಂದೇ ಕೋಣೆಯಲ್ಲಿ, ಒಂದೇ ಬೆಂಚಿನ ಮೇಲೆ ಕೂತಿದ್ದೆವು.

ಆಗ ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ನಾಗಮಂಗಲದ ಕಡೆಯವಳು. ಪಾಂಡವಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸ. ಭಾನುವಾರ ಬಂತೆಂದರೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿ ಪಾಲಹಳ್ಳಿಯ ಮಾವನ ಮನೆಗೆ ಹೋಗುತ್ತಿದ್ದೆ. ಮಾವನಿಗೆ ಗದ್ದೆ, ಕಬ್ಬು, ಒಂದೆರಡು ಸೀಮೆಹಸು. ಪ್ರಾಯದಲ್ಲಿ ಕುಸ್ತಿ ಆಡಿದವನು, ಆಮೇಲೆ ಊರ ಗರಡಿಮನೆಯಲ್ಲಿ ಉಸ್ತಾದನಾಗಿ ಹುಡುಗರನ್ನು ತಯಾರು ಮಾಡಿದವನು. ಐವತ್ತು ದಾಟುವಷ್ಟರಲ್ಲಿ ಅವನ ಹೃದಯ ಹಿಗ್ಗಿ ಸಡಿಲವಾಗಿತ್ತು. ಕಾಲು ಊದಿಕೊಳ್ಳುತ್ತಿತ್ತು. ಮನೆಯಿಂದ ಪಂಪ್‌ಸೆಟ್ಟಿನವರೆಗೆ ನಡೆಯಬೇಕಾದರೆ ದಾರಿಯಲ್ಲಿ ಬದುವಿನ ಮೇಲೆ ಕೂರಬೇಕಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಮಲಗಲು ಆಗುತ್ತಿರಲಿಲ್ಲ. ಅಂಗಾತ ಮಲಗಿದರೆ ನೀರಿನಲ್ಲಿ ಮುಳುಗಿದ ಹಾಗೆ ಉಸಿರು ಕಟ್ಟುತ್ತಿತ್ತು. ಭತ್ತದ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ.

"ಮೈಸೂರಿಂದ ಮಂಡ್ಯದ ಗಂಟ ಯಾವನೂ ನನ್ನ ಚಿತ್ ಮಾಡ್ನಿಲ್ಲ ಕಣಮ್ಮಿ," ಎನ್ನುತ್ತಿದ್ದ. ಬೆನ್ನು ನೆಲಕ್ಕೆ ತಾಗಿಸಿ ಸೋಲಿಸುವುದಕ್ಕೆ ಕುಸ್ತಿಯವರ ಮಾತು ಅದು. "ಈಗ ನಾನೇ ಚಿತ್ ಆಯ್ತೀನಿ ಬುಡ್ರಪ್ಪ ಅಂದ್ರೂ ಆಯ್ತಾ ಇಲ್ಲ."

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಚಾಪೆ ಹಾಸಿ, ಬೆನ್ನು ಚಾಚಿ, ಉಸಿರಾಡುತ್ತ ಮಲಗುವುದು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಬಟ್ಟೆ ಸುತ್ತಿ ತೋರಿಸಿದ್ದು ಅದಕ್ಕೇ. ಎಡಗಂಕುಳಿನಿಂದ ಸೊಂಟದವರೆಗೆ ಬೆನ್ನಿನ ಮೇಲೆ ಬೀಸಣಿಗೆಯ ಹಾಗೆ ಹರಡಿಕೊಂಡ ಒಂದು ಮಾಂಸಖಂಡವಿದೆ. ಕಂಕುಳಲ್ಲಿರುವ ಅದರ ರಕ್ತನಾಳ ಮತ್ತು ನರವನ್ನು ಹಾಗೇ ಉಳಿಸಿ, ಬೆನ್ನಿನಿಂದ ಬಿಡಿಸಿ, ಪಕ್ಕೆಲುಬಿನ ನಡುವೆ ದಾರಿ ಮಾಡಿ ಎದೆಯೊಳಕ್ಕೆ ತೂರಿಸಿ ಹೃದಯಕ್ಕೆ ಸುತ್ತುತ್ತಾರೆ. ಹೊಟ್ಟೆಯ ಚರ್ಮದ ಅಡಿಯಲ್ಲಿ ಬ್ಯಾಟರಿಯ ಒಂದು ಡಬ್ಬಿ, ಅದರಿಂದ ಮಾಂಸಕ್ಕೆ ತಂತಿ. ಹೃದಯ ಬಡಿಯುವ ಹೊತ್ತಿಗೆ ಸರಿಯಾಗಿ ಡಬ್ಬಿ ವಿದ್ಯುತ್ತಿನ ಚುರುಕು ಮುಟ್ಟಿಸುತ್ತದೆ, ಮಾಂಸ ಬಿಗಿಯುತ್ತದೆ, ಸೋತ ಹೃದಯಕ್ಕೆ ಹೊರಗಿನಿಂದ ಒಂದು ಹಿಡಿ ಸಿಗುತ್ತದೆ.

"ಹೊಸ ದಾರಿ ಇದು," ಎಂದರು ಡಾಕ್ಟರು. "ಎಲ್ಲರಿಗೂ ಆಗುವುದಿಲ್ಲ. ಟೇಬಲ್ ಮೇಲೆಯೇ ಹೋದವರೂ ಇದ್ದಾರೆ, ಮುಚ್ಚಿಡುವುದಿಲ್ಲ. ಸದ್ಯ ಈ ಮಾತ್ರೆ ತಗೊಳ್ಳಿ, ಉಪ್ಪು ಬಿಡಿ, ಆಯಾಸ ಮಾಡಿಕೊಳ್ಳಬೇಡಿ. ಕೆಲವು ವಾರ ಬಿಟ್ಟು ಬನ್ನಿ, ಪರೀಕ್ಷೆ ಮಾಡಿ ಹೇಳುತ್ತೇನೆ."

ಮಾವ ಎದ್ದು ನಿಂತವನು ಬಾಗಿಲ ಬಳಿ ತಿರುಗಿ ಕೇಳಿದ: "ಎಡಗಡೇದೇ ಯಾಕೆ ಸ್ವಾಮಿ? ಬಲಗಡೇದು ನಂದು ಇನ್ನೂ ಚೆಂದಾಗದೆ."

ಊರಿಗೆ ಬಂದ ಮೇಲೆ ಜಗುಲಿಯ ಮೇಲೆ ಇದೇ ಮಾತು. ಗರಡಿಯಲ್ಲಿ ಮಾವನ ಜೋಡಿಯಾಗಿದ್ದ ಗೆಳೆಯ, ಈಗ ಟ್ರಾಕ್ಟರು ಓಡಿಸುತ್ತಿದ್ದವನು, ದಿನಾ ಸಂಜೆ ಬಂದು ಕೂರುತ್ತಿದ್ದ.

"ಕರೆಂಟು ಅಂದ್ಯಲ್ಲ, ತ್ರೀ ಫೇಸಾ ಸಿಂಗಲ್ ಫೇಸಾ?"

"ಬ್ಯಾಟ್ರಿ ಕಣ್ಲಾ. ಒಟ್ಟೆ ಒಳಗೇ ಮಡಗ್ತಾರಂತೆ."

"ಅಂಗಾರೆ ವಾಸಿ. ಮದ್ಯಾನ ಲೈನ್ ತೆಗುದ್ರೆ ನೀನೂ ಪಂಪ್‌ಸೆಟ್ಟೂ ಒಟ್ಟಿಗೆ ನಿಂತೋಯ್ತೀರಲ್ಲಾ ಅಂತಿದ್ದೆ."

ಅತ್ತೆ ಒಳಗಿನಿಂದಲೇ ಗದರಿದಳು: "ನಿನ್ ಬಾಯಲ್ಲಿ ಒಳ್ಳೇದು ಬರಾಕೇ ಇಲ್ವಾ?"

"ಒಳ್ಳೇದೇ ಕಣವ್ವ ಯೇಳ್ತಿರದು. ಸೆಲ್ಲು ಮುಗುದ್ರೆ ಪ್ರತಿ ಸಲ ಕುಯ್ಯಕಾದದಾ? ಒಟ್ಟೆಗೆ ಒಂದು ಜಿಪ್ಪು ಆಕ್ಸಿಬುಡಿ ಅಂತ ಡಾಕ್ಟ್ರಿಗೆ ಯೇಳು."

ಮಾವ ನಕ್ಕ, ನಕ್ಕದ್ದಕ್ಕೆ ಕೆಮ್ಮಿದ, ಕೆಮ್ಮು ನಿಂತ ಮೇಲೆ ನನ್ನ ಕಡೆ ತಿರುಗಿದ. ನೀರು ತುಂಬಿದ ಹಿತ್ತಾಳೆ ಚೊಂಬನ್ನು ನನ್ನ ಕೈಗೆ ಕೊಟ್ಟು, ತೋಳು ಮುಂದಕ್ಕೆ ಚಾಚಿ ಹಿಡಿದುಕೊಳ್ಳಲು ಹೇಳಿದ. ಸ್ವಲ್ಪ ಹೊತ್ತಿಗೇ ನನ್ನ ತೋಳು ನಡುಗತೊಡಗಿತು.

"ನೋಡ್ದಾ? ಮಾಂಸ ದಣೀತದೆ. ನಲವತ್ತು ವರ್ಸದಿಂದ ನೋಡಿವ್ನಿ, ದಣೀದಿರೋ ಮಾಂಸ ನಾ ಕಂಡಿಲ್ಲ. ಎದೆ ಒಂದೇ ದಣೀದೆ ಇರೋದು. ಈಗ ಅದೂ ದಣೀತು. ದಣಿದಿರೋದ್ಕೆ ದಣಿಯೋದ್ನ ಸುತ್ತುದ್ರೆ ಏನಮ್ಮಿ ಪ್ರಯೋಜನ?"

ಇದು ನನಗೆ ಹೊಳೆದಿರಲಿಲ್ಲ. ಡಾಕ್ಟರೊಡನೆ ಕೂತಾಗ ಡಬ್ಬಿ, ತಂತಿ, ಪಕ್ಕೆಲುಬು ಇವುಗಳ ಬಗ್ಗೆ ಕೇಳಿದ್ದೆ. ದಣಿವಿನ ಬಗ್ಗೆ ಕೇಳಿರಲಿಲ್ಲ. ದಣಿವನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವ ಒಂದು ಸಾಧನ ಮಾತ್ರ ನನ್ನ ಪ್ರಯೋಗಾಲಯದಲ್ಲಿತ್ತು. ಮುಂದಿನ ಶನಿವಾರ ತರಗತಿ ಮುಗಿದ ಮೇಲೆ ಬರಲು ಹೇಳಿದೆ. ಮಾವ, ಅತ್ತೆ ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದರು. ಪ್ರಯೋಗಾಲಯ ಮಹಡಿಯ ಮೇಲೆ. ಮಾವ ನಡುವೆ ಮೆಟ್ಟಿಲ ಮೇಲೆ ಕೂತು, ಹೋಗಿಬರುವ ಹುಡುಗರ ಮೈಕಟ್ಟಿನ ಬಗ್ಗೆ ಟೀಕೆ ಮಾಡುತ್ತ ಸುಧಾರಿಸಿಕೊಂಡ.

ಮಸಿ ಹಿಡಿಸಿದ ಕಾಗದ ಸುತ್ತಿಕೊಂಡು ತಿರುಗುವ ಒಂದು ಉರುಳೆ. ಅದಕ್ಕೆ ತಾಗಿದ ಒಂದು ಸಣ್ಣ ಸನ್ನೆಕಡ್ಡಿ. ಕಡ್ಡಿಗೆ ದಾರದಿಂದ ಕಟ್ಟಿದ ಕಪ್ಪೆಯ ಮೀನಖಂಡ. ವಿದ್ಯುತ್ ಮುಟ್ಟಿಸಿದಾಗಲೆಲ್ಲ ಮಾಂಸ ಸೆಟೆದು ಕಡ್ಡಿಯನ್ನು ಎತ್ತುತ್ತಿತ್ತು, ಮಸಿಯ ಮೇಲೆ ಒಂದು ಬಿಳಿಗೆರೆ ಏಳುತ್ತಿತ್ತು. ಮೊದಲ ಗೆರೆಗಳು ಎತ್ತರವಾಗಿ, ಒಂದೇ ಸಮನಾಗಿ ಬಂದವು. ಆಮೇಲೆ ಗಿಡ್ಡವಾಗುತ್ತ, ಇನ್ನೂ ಗಿಡ್ಡವಾಗುತ್ತ ಹೋಗಿ ಕೊನೆಗೆ ಕಡ್ಡಿ ಅಲುಗಲಿಲ್ಲ.

"ಸತ್ತೋಯ್ತಾ?"

"ಇಲ್ಲ ಮಾವ, ದಣಿದಿದೆ. ಸ್ವಲ್ಪ ಬಿಟ್ಟರೆ ಮತ್ತೆ ಎತ್ತುತ್ತದೆ."

ಬಿಟ್ಟೆವು. ಮತ್ತೆ ಎತ್ತಿತು, ಮೊದಲಿನಷ್ಟಲ್ಲ. ಮಾವ ಕಡ್ಡಿಯ ತೀರ ಹತ್ತಿರ ಮುಖ ತಂದು ನೋಡಿದ.

"ಅಂದ್ರೆ ಅದ್ಕೆ ಸುದಾರಿಸ್ಕಳಾಕೆ ಬುಡಬೇಕು."

"ಹೌದು."

"ಎದೆ ಬುಡಾಕಿಲ್ವಲ್ಲಮ್ಮಿ."

ಅತ್ತೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. "ಸಾಕು ಬುಡಿ, ಆ ಬಡಪಾಯಿ ಕಪ್ಪೇನ ಇನ್ನೆಷ್ಟು ದುಡಿಸ್ತೀರಿ," ಎಂದಳು.

ಆ ವಾರವೇ ಮೈಸೂರಿಗೆ ಹೋಗಿ ಒಂದು ಗ್ರಂಥಾಲಯದಲ್ಲಿ ಕೂತೆ. ದಣಿವಿಗೆ ಉತ್ತರ ಇತ್ತು, ಅದು ನಾನು ಊಹಿಸಿದ್ದಕ್ಕಿಂತ ವಿಚಿತ್ರವಾಗಿತ್ತು. ಮಾಂಸವನ್ನು ಹೃದಯಕ್ಕೆ ಸುತ್ತಿದ ತಕ್ಷಣ ಡಬ್ಬಿ ಪೂರ್ತಿ ಕೆಲಸ ಶುರುಮಾಡುವುದಿಲ್ಲ. ಮೊದಲು ಮಾಂಸ ಅಲ್ಲಿ ಕೂಡಿಕೊಳ್ಳಲು ಬಿಡುತ್ತಾರೆ. ಆಮೇಲೆ ಅಪರೂಪಕ್ಕೊಂದು ಚುರುಕು, ವಾರ ಕಳೆದಂತೆ ಇನ್ನಷ್ಟು. ಹೀಗೆ ಬಿಡದೆ ದುಡಿಸುತ್ತ ಹೋದರೆ ಮಾಂಸದ ಜಾತಿಯೇ ಬದಲಾಗುತ್ತದಂತೆ. ಬೇಗ ಸೆಟೆದು ಬೇಗ ಸೋಲುವ ಎಳೆಗಳು ನಿಧಾನವಾಗಿ ಎಳೆದು ಸೋಲದಿರುವ ಎಳೆಗಳಾಗುತ್ತವೆ. ಬಲ ಸ್ವಲ್ಪ ಕಡಿಮೆಯಾಗುತ್ತದೆ, ತಾಳಿಕೆ ಬರುತ್ತದೆ. ಒಂದು ದೇಹದೊಳಗೆ ಒಂದು ಮಾಂಸ ತನ್ನ ಸ್ವಭಾವ ಬಿಟ್ಟು ಇನ್ನೊಂದರ ಸ್ವಭಾವ ಕಲಿಯುತ್ತದೆ! ವಾಪಸ್ ಬರುವ ಬಸ್ಸಿನಲ್ಲಿ ನಾನು ಕೂತಲ್ಲಿ ಕೂರಲಾಗದೆ ಚಡಪಡಿಸಿದೆ.

ಮಾವನಿಗೆ ಎಲ್ಲ ಹೇಳಿದೆ. ಅವನು ಉಸ್ತಾದನ ಹಾಗೆ ಕೇಳಿಸಿಕೊಂಡ. "ಅಂದ್ರೆ ಕುಸ್ತಿಯೋನ ಮಾಂಸನ ಗಾಡಿ ಎತ್ತಿನ ಮಾಂಸ ಮಾಡ್ತಾರೆ," ಎಂದ.

ಈ ಮಾತು ಅವನೇ ಹೇಳಿದನೋ, ವರ್ಷಗಳ ಮೇಲೆ ನಾನು ಅವನ ಬಾಯಿಗೆ ಇಟ್ಟೆನೋ ಗೊತ್ತಿಲ್ಲ. ತುಂಬ ಚೆನ್ನಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ಅವನು ಆಮೇಲೆ ಮಾಡಿದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ, ಸಾಕ್ಷಿಗಳು ಬೇಕಾದಷ್ಟಿದ್ದಾರೆ.

ಮೊದಲು ಗುಟ್ಟು ಹಿಡಿದವಳು ಅತ್ತೆ. ಮಾವನ ಎಡ ಅಂಗೈಯಲ್ಲಿ ಮಾತ್ರ ಹಗ್ಗದ ಗೀರು. ಬಲಗೈ ನುಣುಪು. ಉಗುರ ಸಂದಿಯಲ್ಲಿ ಕೆಂಪು ಮಣ್ಣು. ಕೆಂಪು ಮಣ್ಣು ಊರಿನಲ್ಲಿ ಬೇರೆಲ್ಲೂ ಇಲ್ಲ. ಗರಡಿಯ ಮಟ್ಟಿಯಲ್ಲಿ, ಅಂದರೆ ಕುಸ್ತಿ ಆಡುವ ಅಖಾಡದಲ್ಲಿ ಮಾತ್ರ. ನಾನು ಆ ಭಾನುವಾರ ಹೋಗುವಷ್ಟರಲ್ಲಿ ಜಗುಲಿಯ ಮೇಲೆ ನ್ಯಾಯ ನಡೆಯುತ್ತಿತ್ತು.

"ಡಾಕ್ಟ್ರು ಆಯಾಸ ಮಾಡ್ಕಬೇಡಿ ಅಂದ್ರೆ ನೀವು ಗರಡೀಗೋಗ್ತೀರಾ? ಏನ್ ಬಂತು ನಿಮ್ಗೆ?"

"ಕೂತ್ಕಂಡೇ ಮಾಡ್ತಾವ್ನಿ ಕಣೆ. ಸ್ಟೂಲ್ ಆಕವ್ನೆ ಇವ್ನು."

ಗೆಳೆಯ ನಡುವೆ ಬಂದ: "ತೊಲೆಗೆ ರಾಟೆ ಕಟ್ಟಿವ್ನಿ ಕಣವ್ವ. ಅಗ್ಗದ ತುದೀಲಿ ಸಣ್ ಬಕೀಟು. ಬರೀ ಎಡಗೈಲಿ ಎಳೀತಾನೆ, ಬುಡ್ತಾನೆ. ಬಲಗೈ ತೊಡೆ ಮೇಲೆ ಮಡಗಿ ಸಾವ್ಕಾರ್‌ನಂಗೆ ಕೂತಿರ್ತಾನೆ. ಎಳ್ಳಷ್ಟೂ ದಣಿಯಾಕೆ ಬುಟ್ಟಿಲ್ಲ."

"ಬಕೀಟಲ್ಲಿ ಏನದೆ?"

"ಮರಳು. ವಾರಕ್ಕೊಂದ್ ಇಡಿ ಜಾಸ್ತಿ ಮಾಡ್ತೀವಿ."

ಅತ್ತೆ ನನ್ನ ಕಡೆ ತಿರುಗಿದಳು. "ನೀನಾರ ಯೇಳಮ್ಮಿ, ಓದಿರೋಳು."

ನಾನು ಹೇಳಿದೆ. ಎಳೆಗಳನ್ನು ಬದಲಿಸುವುದು ಡಬ್ಬಿಯ ವಿದ್ಯುತ್ತು, ಅದೂ ಆಪರೇಷನ್ ಆದ ಮೇಲೆ, ಹಗಲೂ ಇರುಳೂ. ದಿನಕ್ಕೊಂದಿಷ್ಟು ಹಗ್ಗ ಎಳೆದರೆ ಅದು ಆಗುವುದಿಲ್ಲ ಎಂದೆ. ಮಾವ ತಲೆಯಾಡಿಸಿದ.

"ಗೊತ್ತು ಕಣಮ್ಮಿ. ಅದ್ರ ಕೆಲ್ಸ ಅದು ಮಾಡ್ತದೆ. ಆದ್ರೆ ಮೈ ಪಳಗ್ದೆ ಇರೋನ್ನ ಮಟ್ಟಿಗಿಳ್ಸೋ ಉಸ್ತಾದ್ ಎಲ್ಲಾರ ಉಂಟಾ? ಎಂಟತ್ತು ವರ್ಸ ಆಯ್ತು ಈ ಬೆನ್ನು ಸುಮ್ನೆ ಬಿದ್ದು. ಒಳಕ್ಕೋಗಿ ಅದು ಕೈ ಚೆಲ್ಲುದ್ರೆ ಮಾನ ಯಾರ್ದೋಗೋದು? ಡಾಕ್ಟ್ರು ಅಂತಾರೆ, ಪೈಲ್ವಾನ್ ಅಂತಿದ್ದ, ಬೆನ್ನಲ್ಲಿ ಏನೂ ಇಲ್ವಲ್ಲಾ ಅಂತ."

ಅತ್ತೆ ವಾದ ಬಿಟ್ಟು ಬೇರೆ ದಾರಿ ಹಿಡಿದಳು. ಉಪ್ಪಿನಕಾಯಿ ಭರಣಿಯನ್ನು ಬೂಕನಕೆರೆಯ ತವರಿಗೆ ಸಾಗಿಸಿದಳು, ಇಡೀ ಮನೆಯ ಸಾರಿಗೆ ಉಪ್ಪು ನಿಲ್ಲಿಸಿದಳು. ಮಾವ ಗರಡಿಗೆ ಹೋದಾಗಲೆಲ್ಲ ಹಿಂದೆಯೇ ಹೋದಳು. ಹೆಂಗಸರು ಗರಡಿಯೊಳಗೆ ಕಾಲಿಡುವ ಹಾಗಿಲ್ಲ. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು ಒಳಕ್ಕೆ ಕೂಗುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನೂ ಆ ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತೆ. ಒಳಗೆ ಏನಿತ್ತೋ ನಾನು ನೋಡಿಲ್ಲ. ಆದರೂ ನೆನಪಿನಲ್ಲಿ ತೊಲೆ ಇದೆ, ರಾಟೆ ಇದೆ, ಅರಿಸಿನ ಬೆರೆಸಿದ ಕೆಂಪು ಮಣ್ಣಿನ ಮೇಲೆ ಸ್ಟೂಲಿನ ಕಾಲು ಹೂತಿರುವುದೂ ಇದೆ. ಇವೆಲ್ಲ ಎಲ್ಲಿಂದ ಬಂದವೋ! ಕಿವಿಗೆ ಬಿದ್ದದ್ದು ಮಾತ್ರ ನನ್ನದು: ರಾಟೆಯ ಕಿರುಗುಟ್ಟು, ಸ್ವಲ್ಪ ನಿಶ್ಶಬ್ದ, ಮತ್ತೆ ಕಿರುಗುಟ್ಟು. ನಿಶ್ಶಬ್ದ ಒಂದಿಷ್ಟು ಉದ್ದವಾದರೆ ಅತ್ತೆ ಕತ್ತು ಚಾಚುತ್ತಿದ್ದಳು.

"ಉಸ್ರು ಬತ್ತಾ ಅದಾ?"

"ಬತ್ತಾ ಅದೆ ಕಣವ್ವ!" ಎಂದು ಒಳಗಿನಿಂದ ಗೆಳೆಯನ ಕೂಗು.

"ಅವ್ರೇ ಯೇಳ್ಲಿ!"

"ಬತ್ತಾ ಅದೆ ಕಣೆ, ನಿನ್ ಉಪ್ಪಿಲ್ದಿರೋ ಸಾರು ಕುಡುದೂ ಬತ್ತಾ ಅದೆ!"

ಮತ್ತೆ ರಾಟೆ ಕಿರುಗುಟ್ಟಿತು. ಕಪ್ಪೆಯ ಗೆರೆಗಳ ಹಾಗೆ ಇದೂ ಗಿಡ್ಡವಾಗುತ್ತ ಹೋಗುತ್ತದೆಯೇ ಎಂದು ನಾನು ಕಿವಿಗೊಟ್ಟು ಕೂತಿದ್ದೆ. ಗಿಡ್ಡವಾಗುವ ಮೊದಲೇ ಅವರು ನಿಲ್ಲಿಸಿಬಿಡುತ್ತಿದ್ದರು.

ಹೇಳಿದ ದಿನಕ್ಕೆ ಬೆಂಗಳೂರಿಗೆ ಹೋದೆವು. ಡಾಕ್ಟರು ಮಾವನನ್ನು ಆಸ್ಪತ್ರೆಯ ಉದ್ದನೆಯ ಹಾದಿಯಲ್ಲಿ ನಡೆಸಿದರು, ಎದೆಗೆ ಯಂತ್ರ ಇಟ್ಟು ನೋಡಿದರು, ಕಾಲನ್ನು ಒತ್ತಿ ನೋಡಿದರು. ಹೃದಯದ ಹಿಗ್ಗು ಹಾಗೇ ಇತ್ತು. ಆದರೆ ಕಾಲಿನ ಊತ ಇಳಿದಿತ್ತು, ನಡಿಗೆ ಸುಧಾರಿಸಿತ್ತು, ಭತ್ತದ ಮೂಟೆಯ ಬದಲು ಎರಡು ದಿಂಬು ಸಾಕಾಗುತ್ತಿತ್ತು.

"ಒಳ್ಳೇದಾಯ್ತು. ಮಾತ್ರೆ ಕೆಲಸ ಮಾಡಿದೆ," ಎಂದರು ಡಾಕ್ಟರು.

"ಉಪ್ಪು ಬುಡ್ಸಿವ್ನಿ ಸ್ವಾಮಿ," ಎಂದಳು ಅತ್ತೆ.

ಮಾವ ತಡೆಯಲಾರದೆ ಅಂಗಿ ಕಳಚಿ ಬೆನ್ನು ತಿರುಗಿಸಿದ. ರಾಟೆಯ ಕತೆ ಹೊರಬಿತ್ತು. ಡಾಕ್ಟರ ಮುಖ ಗಂಟಿಕ್ಕಿತು. ಹೃದಯ ಸೋತವರು ಇಂಥದ್ದು ಮಾಡಬಾರದು ಎಂದು ಮೂವರಿಗೂ ಸೇರಿಸಿ ಬೈದರು. ಬೈಯುತ್ತಲೇ ಅವರ ಕೈ ಮಾವನ ಎಡಬೆನ್ನಿನ ಮೇಲೆ ಹರಿದಾಡಿತು. ಮೇಲಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲೆ. ಆ ಕೈ ಬೈಯುತ್ತಿರಲಿಲ್ಲ.

"ಎಂಗದೆ ಸ್ವಾಮಿ?"

"ಚೆನ್ನಾಗಿದೆ. ಆದರೆ ಈಗ ಇದನ್ನು ತೆಗೆಯುವುದಿಲ್ಲ. ಇಷ್ಟು ಸುಧಾರಿಸಿದವರನ್ನು ಟೇಬಲ್ ಮೇಲೆ ಮಲಗಿಸಲು ನನಗೆ ಧೈರ್ಯವಿಲ್ಲ. ಮತ್ತೆ ಕೆಟ್ಟರೆ ನೋಡೋಣ. ನಿಮಗೆ ಬೇಕೇ ಬೇಕು ಅಂದರೆ ಹೇಳಿ, ಮಾಡುವವರ ಹತ್ತಿರ ಕಳಿಸುತ್ತೇನೆ. ನನ್ನ ಮನೆಯವರಾಗಿದ್ದರೆ ಕಾಯಿರಿ ಅನ್ನುತ್ತಿದ್ದೆ."

ಮಾವನಿಗೆ ಸಂತೋಷವಾಗಲಿಲ್ಲ. ತಯಾರು ಮಾಡಿದ ಹುಡುಗನನ್ನು ಅಖಾಡಕ್ಕೆ ಕರೆಯದೆ ಹಿಂದಕ್ಕೆ ಕಳಿಸಿದ ಹಾಗೆ ಅಂಗಿ ತೊಟ್ಟುಕೊಂಡ. ಬಸ್ಸಿನಲ್ಲಿ ಅತ್ತೆ, "ಬ್ಯಾಡ ಬುಡಿ, ಕಾಯನ" ಎಂದಾಗ ಕಿಟಕಿಯಾಚೆ ನೋಡುತ್ತ ಕೂತ. "ಎಳ್ಡು ದಿಂಬಿನ ಮೇಲೆ ಬದುಕೋದೂ ಒಂದು ಬದುಕಾ? ಅಲ್ಲೋಗಿ ಮಾಡಿಸ್ಕಂಬುಡ್ತೀನಿ," ಎಂದ.

ಮರುದಿನ ಮಧ್ಯಾಹ್ನ ಅವನು ತೀರ್ಮಾನಕ್ಕೆ ತನ್ನದೇ ಒಂದು ಪರೀಕ್ಷೆ ಇಟ್ಟ. ನಡುಮನೆಯಲ್ಲಿ ಚಾಪೆ ಹಾಸಿ, ಎರಡು ದಿಂಬು ಇಟ್ಟು ಒರಗಿದ. ಅತ್ತೆ ಬಾಗಿಲ ಬಳಿ, ನಾನು ಕಂಬದ ಬಳಿ. ಸ್ವಲ್ಪ ಹೊತ್ತಿನ ಮೇಲೆ ಒಂದು ದಿಂಬು ತೆಗೆದು ಪಕ್ಕಕ್ಕೆ ಎಸೆದ. ಎದೆ ಏರಿಳಿಯುವುದನ್ನು ನಾವಿಬ್ಬರೂ ನೋಡಿದೆವು; ಅವನೂ ಗದ್ದ ಬಗ್ಗಿಸಿ ನೋಡಿಕೊಂಡ. ಕೆಮ್ಮು ಬರಲಿಲ್ಲ. ಇನ್ನೊಂದನ್ನೂ ತೆಗೆದ. ಪೂರ್ತಿ ಬೆನ್ನು ಚಾಪೆಗೆ ತಾಗಿತು. ಕಣ್ಣು ಮುಚ್ಚಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಉಸಿರು ಸಿಕ್ಕಿ ತಟ್ಟನೆ ಎದ್ದು ಕೂತ, ಕೆಮ್ಮಿದ, ನೀರು ಕುಡಿದ, ಒಂದು ದಿಂಬನ್ನು ತಾನೇ ಎಳೆದುಕೊಂಡು ತಲೆಯಡಿ ಇಟ್ಟ.

"ಒಂದು ದಿಂಬು ಬುಡು. ಯಾವ ರಾಜಂಗೆ ದಿಂಬಿಲ್ಲ?" ಎಂದ. "ಬೆನ್ನು ಇಲ್ಲೇ ಇರ್ಲಿ." ಅಷ್ಟು ಹೇಳಿ ನಿದ್ದೆ ಹೋದ, ಸಂಜೆ ಹಾಲು ಕರೆಯುವ ಹೊತ್ತಿನವರೆಗೆ.

ಯಾವುದರಿಂದ ಸುಧಾರಿಸಿತು? ಗೆಳೆಯ ಇಂದಿಗೂ ರಾಟೆಯಿಂದ ಎನ್ನುತ್ತಾನೆ, ಅತ್ತೆ ಉಪ್ಪಿನಿಂದ, ಡಾಕ್ಟರು ಮಾತ್ರೆಯಿಂದ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂದು ನಾನು ಹುಡುಗರಿಗೆ ಕಲಿಸುತ್ತಿದ್ದೆ. ಮಾವನ ಮೇಲೆ ಮೂರೂ ಒಟ್ಟಿಗೆ ನಡೆದವು. ನನ್ನ ನೆನಪೂ ಅಂಥ ಕೆಟ್ಟ ಪ್ರಯೋಗವೇ. ಯಾವ ವಾರ ಯಾವುದು ಮೊದಲಾಯಿತೆಂದು ಹೇಳಲಾರೆ. ಹೃದಯ ಸೋತವರೂ ಮೆಲ್ಲಗೆ ವ್ಯಾಯಾಮ ಮಾಡಿದರೆ ಒಳ್ಳೆಯದೆಂದು ಡಾಕ್ಟರುಗಳೇ ಹೇಳುವ ಕಾಲ ಆಮೇಲೆ ಬಂತು. ಗೆಳೆಯನಿಗೆ ಅದನ್ನು ನಾನು ಹೇಳಿಲ್ಲ, ಹೇಳಿದರೆ ಅವನನ್ನು ಹಿಡಿಯುವವರಿರುವುದಿಲ್ಲ.

ಮಾವ ಒಂದು ದಿಂಬಿನ ಮೇಲೆ ಆ ದಶಕ ದಾಟಿದ. ದಶಕದ ಕೊನೆಯ ಹೊತ್ತಿಗೆ ಆ ಆಪರೇಷನ್ನನ್ನು ಕೈಬಿಡುತ್ತಿದ್ದಾರೆಂದು ಓದಿದೆ. ಕೆ.ಆರ್. ಪೇಟೆಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಗೆ ಕಾಯುತ್ತ ಛತ್ರದ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಹೇಳಿದೆ. ಮಾಡಿಸಿಕೊಳ್ಳದೆ ಉಳಿದದ್ದು ಒಳ್ಳೆಯದಾಯಿತು ಎಂದಾನು ಅಂದುಕೊಂಡಿದ್ದೆ. ಅವನು ಅದನ್ನು ಹೇಳಲಿಲ್ಲ.

"ಮಾಡಿಸ್ಕಂಡವ್ರಿಗೆ ಅಗುರ ಆಗ್ನಿಲ್ವಾ?"

"ಬಹಳ ಜನ ಹಗುರ ಆಯ್ತು ಅಂದರಂತೆ ಮಾವ. ಆದರೆ ಯಂತ್ರದಲ್ಲಿ ಅಳೆದರೆ ಹೃದಯ ಹೆಚ್ಚೇನೂ ರಕ್ತ ತಳ್ಳುತ್ತಿರಲಿಲ್ಲವಂತೆ."

"ಅಗುರ ಆಗದು ಅವ್ರಿಗೋ ಯಂತ್ರಕ್ಕೋ?"

ಅವನು ಎಡತೋಳನ್ನು ಮೇಲಕ್ಕೆತ್ತಿ, ಬಲಗೈಯಿಂದ ಕಂಕುಳ ಕೆಳಗಿನ ಮಾಂಸವನ್ನು ಹಿಡಿದು ನೋಡಿಕೊಂಡ.

"ತೆಗ್ದ ಜಾಗ ಎಂಗಿರ್ತದೆ? ಗುಂಡಿ ಬಿದ್ದಿರ್ತದಾ? ಬಾವೀಲಿ ನೀರು ಸೇದಾಕಾಯ್ತದಾ ಅವ್ರಿಗೆ?"

"ಗೊತ್ತಿಲ್ಲ ಮಾವ. ನಾನು ಯಾರನ್ನೂ ನೋಡಿಲ್ಲ."

"ನೋಡು ಮತ್ತೆ. ಒಬ್ರಾರ ಸಿಕ್ರೆ ಕರ್ಕಂಬಾ. ಬೆನ್ನು ಮುಟ್ಟಿ ನೋಡ್ಬೇಕು, ಒಳಗೆ ಅದು ಎಳೀವಾಗ ಏನನ್ನುಸ್ತದೆ ಅಂತ ಕೇಳ್ಬೇಕು."

ಬೆಂಗಳೂರಿನಲ್ಲಿ ಕೇಳಿದೆ, ಮೈಸೂರಿನಲ್ಲಿ ಪರಿಚಯದ ಡಾಕ್ಟರುಗಳನ್ನು ಕೇಳಿದೆ. ಅಂಥವರು ಎಲ್ಲೋ ಒಬ್ಬಿಬ್ಬರು ಇರಬೇಕು ಎಂದರು, ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಪಾಲಹಳ್ಳಿಗೆ ಹೋದಾಗಲೆಲ್ಲ ಮಾವ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ:

"ಸಿಕ್ರೇನಮ್ಮಿ?"